ಗುಂಡು ಹಾರಿಸದ ಸೈನಿಕನಿಗೆ ನಾವ್ಯಾಕೆ ಚಪ್ಪಾಳೆ ತಟ್ಟುವುದಿಲ್ಲ?

ಗೋಕಾಕದ ಹತ್ತಿರದ ಒಂದೂರು. ಗೆಳೆಯನ ಮದುವೆಗೆ ಹೋದವನು ಬೆಳಿಗ್ಗೆ ಬೇಗ ಎಚ್ಚರವಾಗಿ ಹೈಸ್ಕೂಲ್ ಮೈದಾನದ ಕಡೆ ನಡೆದಿದ್ದೆ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಇಪ್ಪತ್ತು ಇಪ್ಪತ್ತೈದು ಹುಡುಗರು 1,600 ಮೀಟರ್ ಓಟ ಓಡುತ್ತಿದ್ದರು. ಭರ್ತಿ ರ‍್ಯಾಲಿಗೆ ತಯಾರಿ. ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದವರು ಒಬ್ಬ ನಿವೃತ್ತ ಹವಾಲ್ದಾರರು. ಊರಿಗೆಲ್ಲ ಅವರು ‘ಮಿಲಿಟರಿ ಕಾಕಾ’. ದುಡ್ಡು ತಗೊಳ್ಳದೆ ಹುಡುಗರನ್ನು ತಯಾರು ಮಾಡುತ್ತಾರೆ.

ಓಟ ಮುಗಿದ ಮೇಲೆ ಚಹಾ ಅಂಗಡಿಯಲ್ಲಿ ಕೂತಾಗ ಕೇಳಿದೆ, “ಕಾಕಾ, ಓಟ, ಪುಲ್‌ಅಪ್ ಬಿಟ್ಟು ಇವರಿಗೆ ಇನ್ನೇನು ಕಲಿಸ್ತೀರಿ?”

“ಗುಂಡ ಹೊಡಿಯೂದು ಕಲಸಾಕ ಆರ್ ತಿಂಗಳ ಸಾಕ್ ತಮ್ಮಾ. ಹೊಡಿಯದ ನಿಂದ್ರೂದು ಕಲಸಾಕ ಭಾಳ ವರ್ಷ ಹಿಡೀತಾವ. ಅದನ್ನ ನಾ ಇಲ್ಲಿ ಕಲಸಾಕ ಬರೂದಿಲ್ಲ. ಪಲ್ಟನ್‌ದಾಗ ಕಲೀಬೇಕು” ಅಂದರು.

ಆಮೇಲೆ ಒಂದು ರಾತ್ರಿಯ ಕತೆ ಹೇಳಿದರು. ಕಾಶ್ಮೀರದ ಒಂದು ನಾಕಾ. ಟಾರ್ಚ್ ಬೀಸಿದರೂ ಒಂದು ಗಾಡಿ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಹೊಸ ಹುಡುಗ “ಹೊಡೀರಿ, ಹೊಡೀರಿ” ಅಂತ ಕೂಗುತ್ತಿದ್ದ. ಇವರು ಹೊಡೆಯಲಿಲ್ಲ. ಗಾಡಿ ಮುಂದಿನ ಅಡ್ಡಗಟ್ಟೆಯ ಹತ್ತಿರ ನಿಂತಿತು. ಒಳಗೆ ಹೆರಿಗೆ ನೋವಿನ ಹೆಂಗಸು, ಗಾಬರಿಯಲ್ಲಿ ಟಾರ್ಚ್ ಕಾಣದ ಗಂಡ. “ಆ ರಾತ್ರಿದು ಎಲ್ಲೂ ಸುದ್ದಿ ಆಗಲಿಲ್ಲ. ಮೆಡಲೂ ಬರಲಿಲ್ಲ. ಖರೇ, ಈಗ ರಾತ್ರಿ ನಿದ್ದಿ ಬರ್ತೈತಿ.”

ಸೈನಿಕರ ಮೌಲ್ಯಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಶಿಸ್ತು, ತ್ಯಾಗ, ನಿಷ್ಠೆ, ಶೌರ್ಯ. ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ, ಆಗಸ್ಟ್ 15ರ ಭಾಷಣಗಳಲ್ಲಿ, ಸಿನಿಮಾಗಳಲ್ಲಿ ಇವು ತುಂಬಿ ತುಳುಕುತ್ತವೆ. ಆದರೆ ಕಾಕಾ ಹೇಳಿದ ಮೌಲ್ಯ ಆ ಪಟ್ಟಿಯಲ್ಲಿ ಇಲ್ಲ. ಕೈಯಲ್ಲಿ ಬಂದೂಕಿದ್ದೂ ಹಾರಿಸದೆ ನಿಲ್ಲುವ, ತಪ್ಪು ಆದೇಶಕ್ಕೆ ‘ಆಗಲ್ಲ’ ಅನ್ನುವ ಗಟ್ಟಿತನ ಅದು. ನನ್ನ ವಾದ ಇಷ್ಟೇ: ಸೈನಿಕನ ಬೇರೆಲ್ಲ ಮೌಲ್ಯಗಳು ನಿಂತಿರುವುದು ಇದರ ಮೇಲೆ. ಇದನ್ನು ಉಳಿಸುವುದು ಸೈನಿಕನೊಬ್ಬನ ಕೆಲಸವಲ್ಲ. ಸೇನೆ, ಸರ್ಕಾರ, ಕೊನೆಗೆ ನೀವು ನಾನು, ಎಲ್ಲರ ಕೆಲಸ.

ಪ್ರಮಾಣ ಯಾರ ಹೆಸರಲ್ಲಿ?

ಭಾರತೀಯ ಸೇನೆ ಸೇರುವ ಪ್ರತಿಯೊಬ್ಬರೂ ಒಂದು ಪ್ರಮಾಣ ಮಾಡುತ್ತಾರೆ. ಅದರಲ್ಲಿ ಮೊದಲು ಬರುವುದು ಸಂವಿಧಾನಕ್ಕೆ ನಿಷ್ಠೆ. ರಾಷ್ಟ್ರಪತಿಯ ಮತ್ತು ಮೇಲಧಿಕಾರಿಗಳ ಆಜ್ಞೆ ಪಾಲಿಸುತ್ತೇನೆ, ಪ್ರಾಣಕ್ಕೆ ಅಪಾಯ ಬಂದರೂ ಪಾಲಿಸುತ್ತೇನೆ ಅನ್ನುವುದು ಆಮೇಲೆ ಬರುತ್ತದೆ. ಗಮನಿಸಿ, ಸೈನಿಕ ಇಲ್ಲಿ ಒತ್ತೆ ಇಡುವುದು ತನ್ನ ಪ್ರಾಣವನ್ನು. ಬೇರೆಯವರ ಪ್ರಾಣವನ್ನು ಒತ್ತೆ ಇಡುವ ಹಕ್ಕನ್ನು ಆ ಪ್ರಮಾಣ ಅವನಿಗೆ ಕೊಡುವುದಿಲ್ಲ.

1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಆಜ್ಞೆ ಮೀರುವುದನ್ನು ಅಪರಾಧ ಅನ್ನುತ್ತದೆ. 14 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಅಷ್ಟು ಕಠಿಣ. ಆದರೆ ಆ ಸೆಕ್ಷನ್‌ನಲ್ಲಿ ‘ಆಜ್ಞೆ’ ಅನ್ನುವ ಪದ ಒಂಟಿಯಾಗಿ ಇಲ್ಲ. ‘ಕಾನೂನುಬದ್ಧ ಆಜ್ಞೆ’ ಅಂತ ಇದೆ. ಈ ಒಂದು ವಿಶೇಷಣದಲ್ಲೇ ಇಡೀ ವಿಷಯ ಅಡಗಿದೆ. ನಿರಾಯುಧನನ್ನು ಕೊಲ್ಲು ಅನ್ನುವುದು ಕಾನೂನುಬದ್ಧ ಆಜ್ಞೆಯಲ್ಲ. ಅದನ್ನು ಪಾಲಿಸದೆ ಇರುವುದು ಅಶಿಸ್ತಲ್ಲ.

ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ಅಧಿಕಾರಿಗಳಿಗೆ ಇನ್ನೊಂದು ಪಾಠ ಇದೆ. 1932ರಲ್ಲಿ ಅಕಾಡೆಮಿ ಉದ್ಘಾಟಿಸಿದ ಚೆಟ್‌ವುಡ್ ಹೇಳಿದ್ದು. ಅದರ ಸಾರ ಇಷ್ಟು: ಯಾವತ್ತೂ ದೇಶ ಮೊದಲು, ನಿನ್ನ ಕೈಕೆಳಗಿನ ಸೈನಿಕರು ಆಮೇಲೆ, ನಿನ್ನ ಸುಖ ಎಲ್ಲಕ್ಕಿಂತ ಕೊನೆಗೆ. ಜವಾನರ ನಡುವೆ ಇದೇ ಮಾತು ‘ನಾಮ್, ನಮಕ್, ನಿಶಾನ್’ ಅಂತ ಓಡಾಡುತ್ತದೆ. ಪಲ್ಟನ್ನಿನ ಹೆಸರು, ಉಂಡ ಉಪ್ಪು, ಎತ್ತಿದ ಬಾವುಟ.

ಉಪ್ಪಿನ ಋಣ ಅಂದರೆ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರಶ್ನೆ ಏನಂದ್ರೆ, ಆ ಉಪ್ಪು ಯಾರದ್ದು?

1930ರ ಏಪ್ರಿಲ್: ಎರಡು ಉಪ್ಪಿನ ಕತೆ

ಏಪ್ರಿಲ್ 6ರಂದು ಗಾಂಧಿ ದಂಡಿಯಲ್ಲಿ ಉಪ್ಪು ಎತ್ತಿದರು. ಅದಾಗಿ 17 ದಿನಕ್ಕೆ, ಏಪ್ರಿಲ್ 23ರಂದು, ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಜನ ಸೇರಿದ್ದರು. ಖಾನ್ ಅಬ್ದುಲ್ ಗಫಾರ್ ಖಾನರನ್ನು ಬಂಧಿಸಿದ್ದರ ವಿರುದ್ಧ ಪ್ರತಿಭಟನೆ. ಖುದಾಯಿ ಖಿದ್ಮತ್‌ಗಾರರು ಬರಿಗೈಯಲ್ಲಿದ್ದರು. ಬ್ರಿಟಿಷ್ ಪಡೆಗಳು ಗುಂಡು ಹಾರಿಸಿದವು. ಹೆಣಗಳು ಉರುಳಿದವು.

ಅಲ್ಲಿಗೆ 18ನೇ ರಾಯಲ್ ಗಢವಾಲ್ ರೈಫಲ್ಸ್‌ನ 2ನೇ ಬೆಟಾಲಿಯನ್ನಿನ ಸೈನಿಕರನ್ನೂ ತಂದು ನಿಲ್ಲಿಸಲಾಗಿತ್ತು. ಎದುರಿಗಿದ್ದವರು ಪಠಾಣ ಮುಸ್ಲಿಮರು. ಬಂದೂಕು ಹಿಡಿದವರು ಹಿಂದೂ ಗಢವಾಲಿಗಳು. ಇವರು ಹಿಂಜರಿಯದೆ ಹೊಡೆಯುತ್ತಾರೆ ಅನ್ನುವುದು ಆಳುವವರ ಲೆಕ್ಕ. ಆದರೆ ಹವಾಲ್ದಾರ್ ಚಂದ್ರ ಸಿಂಗ್ ಗಢವಾಲಿ ಮತ್ತು ಅವರ ಜೊತೆಗಾರರು ನಿರಾಯುಧರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ತಿರುಗಿ ಅಧಿಕಾರಿಗಳ ಮೇಲೂ ಬಂದೂಕು ಎತ್ತಲಿಲ್ಲ. ಸುಮ್ಮನೆ ನಿಂತರು.

ಕೋರ್ಟ್ ಮಾರ್ಷಲ್ ಆಯಿತು. ಚಂದ್ರ ಸಿಂಗ್‌ಗೆ ಜೀವಾವಧಿ ಶಿಕ್ಷೆ. ಬಿಡುಗಡೆ ಆದದ್ದು 1941ರಲ್ಲಿ. ಹನ್ನೊಂದು ವರ್ಷ ಜೈಲು. ಬ್ರಿಟಿಷರ ಕಣ್ಣಲ್ಲಿ ಅವರು ಉಂಡ ಮನೆಗೆ ಎರಡು ಬಗೆದವರು. ಆದರೆ ರಾಜನ ಖಜಾನೆಯಿಂದ ಬಂದ ಸಂಬಳ ಕೊನೆಗೂ ಯಾರ ದುಡ್ಡು? ಅದೇ ತಿಂಗಳು ಉಪ್ಪಿನ ತೆರಿಗೆಯ ವಿರುದ್ಧ ಬೀದಿಗಿಳಿದಿದ್ದ ಜನರದ್ದು. ಆ ಅರ್ಥದಲ್ಲಿ ಗಢವಾಲಿಗಳು ಉಪ್ಪಿನ ಋಣ ತೀರಿಸಿದರು ಅಂತಲೇ ನಾನು ನಂಬುತ್ತೇನೆ.

ಕತೆ ಇಲ್ಲಿಗೇ ಮುಗಿದಿದ್ದರೆ ಸುಲಭವಾಗಿತ್ತು. ಮುಂದೆ ಒಬ್ಬ ಪತ್ರಕರ್ತ ಗಾಂಧಿಯವರನ್ನು ಈ ಬಗ್ಗೆ ಕೇಳಿದ. ಗಾಂಧಿ ಗಢವಾಲಿಗಳನ್ನು ಸಮರ್ಥಿಸಲಿಲ್ಲ! ಪ್ರಮಾಣ ಮಾಡಿ ಸೇನೆಗೆ ಸೇರಿದವನು ಆಜ್ಞೆ ಮೀರುವುದು ತಪ್ಪು, ಇವತ್ತು ನಾನು ಅವರಿಗೆ ಅವಿಧೇಯತೆ ಕಲಿಸಿದರೆ ನಾಳೆ ನಾನು ಅಧಿಕಾರದಲ್ಲಿದ್ದಾಗಲೂ ಅದನ್ನೇ ಮಾಡಿಯಾರು ಅನ್ನುವ ಅರ್ಥದಲ್ಲಿ ಉತ್ತರಿಸಿದರು. ಅಹಿಂಸೆಯ ಪ್ರವಾದಿಯ ಬಾಯಲ್ಲಿ ಈ ಮಾತು!

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಹಾಗನ್ನಿಸುವುದಿಲ್ಲ. ಗಾಂಧಿಯ ಆತಂಕ ಸುಳ್ಳಲ್ಲ. ಸೈನಿಕರು ತಮಗಿಷ್ಟ ಬಂದ ಆಜ್ಞೆ ಮಾತ್ರ ಪಾಲಿಸುತ್ತೇವೆ ಅಂತ ಶುರು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಕ್ಕಪಕ್ಕದ ದೇಶಗಳನ್ನು ನೋಡಿದರೆ ಸಾಕು. 1958ರಲ್ಲಿ ಪಾಕಿಸ್ತಾನ, 1962ರಲ್ಲಿ ಬರ್ಮಾ, 1975ರಲ್ಲಿ ಬಾಂಗ್ಲಾದೇಶ, 2021ರಲ್ಲಿ ಮತ್ತೆ ಮ್ಯಾನ್ಮಾರ್. ಸೇನಾಧಿಕಾರಿಗಳು ‘ದೇಶದ ಹಿತಕ್ಕಾಗಿ’ ಅಂತಲೇ ಸರ್ಕಾರಗಳನ್ನು ಕಿತ್ತೆಸೆದದ್ದು. ಭಾರತದಲ್ಲಿ ಹಾಗಾಗಿಲ್ಲ ಅನ್ನುವುದು ಸಣ್ಣ ಸಾಧನೆಯಲ್ಲ. ಅದರ ಹಿಂದೆ ಸೇನೆಯ ವಿಧೇಯತೆಯೂ ಇದೆ.

ಹಾಗಾದ್ರೆ ಯಾರು ಸರಿ? ಗಢವಾಲಿಯೋ, ಗಾಂಧಿಯೋ?

1930ರಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಒಂದು ಕಡೆ ರಾಜನ ಆಜ್ಞೆ, ಇನ್ನೊಂದು ಕಡೆ ಸೈನಿಕನ ಆತ್ಮಸಾಕ್ಷಿ. ಎರಡಕ್ಕೂ ಮೇಲೆ ನಿಂತು ತೀರ್ಪು ಹೇಳುವಂಥದ್ದು ಏನೂ ಇರಲಿಲ್ಲ. 1950ರ ನಂತರ ಇದೆ. ಸಂವಿಧಾನ. ಸೈನಿಕ ತನ್ನ ಇಷ್ಟಾನಿಷ್ಟದ ಮೇಲೆ ಆಜ್ಞೆ ಮೀರುವಂತಿಲ್ಲ. ಅಧಿಕಾರಿ ತನ್ನ ಇಷ್ಟಾನಿಷ್ಟದ ಮೇಲೆ ಆಜ್ಞೆ ಕೊಡುವಂತೆಯೂ ಇಲ್ಲ. ಇಬ್ಬರ ಮೇಲೂ ಕಾನೂನು. ಗಾಂಧಿಯ ಭಯಕ್ಕೂ ಗಢವಾಲಿಯ ಧೈರ್ಯಕ್ಕೂ ಜಾಗ ಕೊಡುವ ವ್ಯವಸ್ಥೆ ಇದೊಂದೇ.

ಕೊಡಗಿನ ಜನರಲ್ ಕೊರಿಯಾದಲ್ಲಿ ಮಾಡಿದ್ದು

ಸಂಯಮ ಅಂದ್ರೆ ದೌರ್ಬಲ್ಯ ಅನ್ನುವವರಿಗೆ ನಾನು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರ ಉದಾಹರಣೆ ಕೊಡುತ್ತೇನೆ. ಅವರ ಕಾಶ್ಮೀರದ ಯುದ್ಧದ ಕತೆ ಎಲ್ಲರಿಗೂ ಗೊತ್ತು. 1948ರಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರು. ಆದರೆ 1953ರಲ್ಲಿ ಕೊರಿಯಾದಲ್ಲಿ ಅವರು ಮಾಡಿದ ಕೆಲಸದ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ.

ಕೊರಿಯಾ ಯುದ್ಧ ನಿಂತಿತ್ತು. ಆದರೆ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪುತ್ತಿರಲಿಲ್ಲ. ಇವರನ್ನು ಏನು ಮಾಡಬೇಕು ಅನ್ನುವುದನ್ನು ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ನೇತೃತ್ವದಲ್ಲಿ ಭಾರತೀಯ ಪಡೆ ಹೋಯಿತು.

ಒತ್ತಡ ನಾಲ್ಕೂ ಕಡೆಯಿಂದ. ಕೈದಿಗಳನ್ನು ವಾಪಸ್ ಕಳಿಸಿ ಅಂತ ಚೀನಾ, ಬಿಟ್ಟುಬಿಡಿ ಅಂತ ದಕ್ಷಿಣ ಕೊರಿಯಾ. ಕ್ಯಾಂಪಿನೊಳಗೆ ಕೈದಿಗಳ ಗುಂಪುಗಳೇ ಒಬ್ಬರನ್ನೊಬ್ಬರು ಬೆದರಿಸುತ್ತಿದ್ದವು. ಭಾರತೀಯ ಅಧಿಕಾರಿಯೊಬ್ಬರನ್ನು ಕೈದಿಗಳು ಹಿಡಿದಿಟ್ಟುಕೊಂಡಾಗ ಥೋರಟ್ ಒಳಗೆ ಹೋಗಿ ಮಾತಿನಲ್ಲೇ ಬಿಡಿಸಿಕೊಂಡು ಬಂದರು. ಎಲ್ಲ ಸಲವೂ ಹೀಗೆ ಆಯಿತು ಅಂತಲ್ಲ. ಗುಂಡು ಹಾರಿಸಿದ, ಕೈದಿಗಳು ಸತ್ತ ಘಟನೆಗಳೂ ನಡೆದವು. ಆದರೆ ಒಂದು ಗೆರೆಯನ್ನು ತಿಮ್ಮಯ್ಯ ದಾಟಲಿಲ್ಲ: ಒಲ್ಲದ ಕೈದಿಯನ್ನು ಬಲವಂತವಾಗಿ ಎಳೆದು ಯಾವ ಕಡೆಗೂ ದಬ್ಬುವುದಿಲ್ಲ. ಎರಡೂ ಕಡೆಯವರ ಬೈಗುಳ ತಿಂದರು, ನಿಂತರು.

ಇದೇ ತಿಮ್ಮಯ್ಯ 1959ರ ಆಗಸ್ಟ್ 31ರಂದು ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಭಿನ್ನಾಭಿಪ್ರಾಯದಿಂದ ಸೇನಾ ಮುಖ್ಯಸ್ಥರ ಹುದ್ದೆಗೆ ರಾಜೀನಾಮೆ ಕೊಟ್ಟರು. ನೆಹರೂ ಮನವೊಲಿಸಿದ ಮೇಲೆ ವಾಪಸ್ ಪಡೆದರು. ವಾಪಸ್ ಪಡೆಯಬಾರದಿತ್ತು ಅನ್ನುವವರಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಲಕ್ಷಾಂತರ ಸೈನಿಕರು ಕೈಕೆಳಗಿದ್ದ ಒಬ್ಬ ಜನಪ್ರಿಯ ಜನರಲ್ ತನ್ನ ಅಸಮ್ಮತಿಯನ್ನು ಹೇಳಲು ಬಳಸಿದ್ದು ಒಂದು ಕಾಗದವನ್ನು. ಅದೇ ಹೊತ್ತಿಗೆ ಗಡಿಯಾಚೆ ಅಯೂಬ್ ಖಾನ್ ಅಧಿಕಾರದ ಕುರ್ಚಿಯಲ್ಲಿ ಕೂತು ವರ್ಷ ತುಂಬುತ್ತಿತ್ತು.

ಕೊಡಗಿನವರೇ ಆದ ಕಾರ್ಯಪ್ಪನವರ ಕತೆ ಇನ್ನೂ ಚಿಕ್ಕದು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಮಗ ಪಾಕಿಸ್ತಾನದ ಸೆರೆಯಾದರು. ಹಿಂದೆ ಕಾರ್ಯಪ್ಪನವರ ಜೊತೆ ಕೆಲಸ ಮಾಡಿದ್ದ ಅಯೂಬ್ ಖಾನ್ ಬಿಡುಗಡೆ ಮಾಡುವ ಮಾತು ಕಳಿಸಿದರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಅಂತ ಕಾರ್ಯಪ್ಪ ಹೇಳಿದರು. ಚೆಟ್‌ವುಡ್ ಪಾಠದ ಆ ಮೂರು ಮೆಟ್ಟಿಲು ಇಷ್ಟು ನಿಚ್ಚಳವಾಗಿ ಕಾಣುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಗೆರೆ ದಾಟಿದಾಗ

ಈಗ ಕಷ್ಟದ ಭಾಗಕ್ಕೆ ಬರೋಣ. ಹೆಮ್ಮೆಯ ಕತೆಗಳನ್ನಷ್ಟೇ ಹೇಳಿ ಎದ್ದು ಹೋದರೆ ಅದು ವಿಶ್ಲೇಷಣೆ ಆಗಲ್ಲ, ಭಜನೆ ಆಗುತ್ತದೆ.

2020ರ ಜುಲೈ 18. ಕಾಶ್ಮೀರದ ಶೋಪಿಯಾನ್ ಜಿಲ್ಲೆಯ ಅಂಶಿಪೊರಾ. ಮೂವರು ‘ಭಯೋತ್ಪಾದಕರನ್ನು’ ಕೊಂದಿದ್ದೇವೆ ಅಂತ ಸೇನೆ ಹೇಳಿತು. ಸತ್ತವರು ರಜೌರಿ ಜಿಲ್ಲೆಯಿಂದ ಕೂಲಿಗೆ ಬಂದಿದ್ದ ಹುಡುಗರು. ಒಬ್ಬ ಇನ್ನೂ ಹದಿಹರೆಯದವನು. ಮನೆಯವರು ಫೋಟೊ ನೋಡಿ ಗುರುತಿಸಿದ ಮೇಲೆ ಸತ್ಯ ಹೊರಬಿತ್ತು. ಸೇನೆಯೇ ವಿಚಾರಣೆ ನಡೆಸಿತು, ತನ್ನವರು ಎಎಫ್‌ಎಸ್‌ಪಿಎ ಕೊಟ್ಟ ಅಧಿಕಾರ ಮೀರಿದ್ದಾರೆ ಅಂತ ಮೇಲ್ನೋಟಕ್ಕೆ ಕಂಡುಬಂದಿದೆ ಎಂದು ಒಪ್ಪಿಕೊಂಡಿತು. 2023ರ ಮಾರ್ಚ್‌ನಲ್ಲಿ ಕೋರ್ಟ್ ಮಾರ್ಷಲ್ ಒಬ್ಬ ಕ್ಯಾಪ್ಟನ್‌ಗೆ ಜೀವಾವಧಿ ಶಿಕ್ಷೆ ಶಿಫಾರಸು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು.

2021ರ ಡಿಸೆಂಬರ್ 4. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಓಟಿಂಗ್. ಕಲ್ಲಿದ್ದಲು ಗಣಿಯಿಂದ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟಿದ್ದ ಕಾರ್ಮಿಕರ ಮೇಲೆ ಸೇನೆಯ ವಿಶೇಷ ಪಡೆ ಗುಂಡು ಹಾರಿಸಿತು. ಆರು ಜನ ಸತ್ತರು. ಹುಡುಕಿಕೊಂಡು ಬಂದ ಊರವರ ಜೊತೆ ಘರ್ಷಣೆಯಾಗಿ ಮತ್ತೆ ಏಳು ಜನ, ಒಬ್ಬ ಸೈನಿಕ ಸತ್ತರು. ಮರುದಿನ ಇನ್ನೊಬ್ಬ ನಾಗರಿಕ. ನಾಗಾಲ್ಯಾಂಡ್ ಪೊಲೀಸರ ವಿಶೇಷ ತಂಡ 30 ಸೇನಾ ಸಿಬ್ಬಂದಿಯ ವಿರುದ್ಧ ಆರೋಪಪಟ್ಟಿ ಸಲ್ಲಿಸಿತು. 2023ರಲ್ಲಿ ಕೇಂದ್ರ ಸರ್ಕಾರ ಮೊಕದ್ದಮೆಗೆ ಅನುಮತಿ ನಿರಾಕರಿಸಿತು. ಅನುಮತಿ ಇಲ್ಲದ ಕಾರಣಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಕ್ತಾಯಗೊಳಿಸಿತು. ಮುಂದೆ ಅನುಮತಿ ಸಿಕ್ಕರೆ ಮತ್ತೆ ನಡೆಸಬಹುದು, ಸೇನೆ ಬೇಕಾದರೆ ಶಿಸ್ತುಕ್ರಮ ಕೈಗೊಳ್ಳಬಹುದು ಅಂತಲೂ ಹೇಳಿತು.

ಆರೋಪಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅಪರಾಧಿಗಳು ಅಂತ ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದದ್ದು ನ್ಯಾಯಾಲಯ. ಆದರೆ ನ್ಯಾಯಾಲಯಕ್ಕೆ ಹೇಳುವ ಅವಕಾಶವೇ ಸಿಗಲಿಲ್ಲವಲ್ಲ?

1997ರಲ್ಲೇ ಸುಪ್ರೀಂ ಕೋರ್ಟ್ ಎಎಫ್‌ಎಸ್‌ಪಿಎಯನ್ನು ಎತ್ತಿಹಿಡಿಯುವಾಗ ಒಂದು ಷರತ್ತು ಹಾಕಿತ್ತು. ಸೇನೆಯೇ ಬರೆದುಕೊಂಡ ‘ಮಾಡಬೇಕಾದ್ದು, ಮಾಡಬಾರದ್ದು’ ಪಟ್ಟಿ ಸಲಹೆಯಲ್ಲ, ಪಾಲಿಸಲೇಬೇಕಾದ ನಿಯಮ ಅಂತ. ಅಂದರೆ ಮೌಲ್ಯ ಕಾಗದದ ಮೇಲೆ ಇದೆ, ಕಾನೂನಿನ ಬಲವೂ ಇದೆ. ಅದನ್ನು ಮೀರಿದಾಗ ಏನಾಗುತ್ತದೆ ಅನ್ನುವಲ್ಲಿ ಮಾತ್ರ ದೊಡ್ಡ ತೂತು.

ಇದರ ಪೆಟ್ಟು ಸತ್ತವರ ಮನೆಗಳಿಗೆ ಬೀಳುತ್ತದೆ, ಅದು ಎಲ್ಲಕ್ಕಿಂತ ದೊಡ್ಡದು. ಆದರೆ ಇನ್ನೊಂದು ಪೆಟ್ಟು ಬೀಳುವುದು ಕಾಕಾನಂಥವರಿಗೆ. ಎದೆ ಹೊಡೆದುಕೊಳ್ಳುತ್ತಿದ್ದರೂ ಬೆರಳು ತಡೆದು ನಿಂತ ಸೈನಿಕನಿಗೂ, ಗೆರೆ ದಾಟಿದವನಿಗೂ ವ್ಯವಸ್ಥೆ ಯಾವ ವ್ಯತ್ಯಾಸವನ್ನೂ ಮಾಡದೆ ಹೋದರೆ, ಮುಂದಿನ ನಾಕಾದಲ್ಲಿ ನಿಲ್ಲುವ ಹೊಸ ಹುಡುಗ ಏನು ಕಲಿಯುತ್ತಾನೆ? ಸಂಶಯ ಬಂದರೆ ಹೊಡಿ, ಆಮೇಲೆ ನೋಡ್ಕೊಳ್ತಾರೆ ಅಂತ ತಾನೆ? ಹೊಣೆಗಾರಿಕೆ ಕೇಳುವುದನ್ನು ‘ಸೇನೆಯ ಮನೋಬಲ ಕುಗ್ಗಿಸುವುದು’ ಅನ್ನುತ್ತಾರೆ. ಯಾರ ಮನೋಬಲ ಅಂತ ಕೇಳಬೇಕು. ನಿಯಮ ಪಾಲಿಸಿದವರ ಮನೋಬಲ ಕುಗ್ಗಿಸುತ್ತಿರುವುದು ಈ ಮೌನವೇ.

ನಾಲ್ಕು ವರ್ಷದಲ್ಲಿ ಎಷ್ಟು ಕಲಿಯಬಹುದು?

ಮೈದಾನದಲ್ಲಿ ಓಡುತ್ತಿದ್ದ ಹುಡುಗರು ಸೇರಲಿರುವುದು ಅಗ್ನಿವೀರರಾಗಿ. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ್ ಪ್ರಕಾರ ತರಬೇತಿ ಸೇರಿ ನಾಲ್ಕು ವರ್ಷದ ಸೇವೆ. ಆಮೇಲೆ ಗರಿಷ್ಠ 25 ಶೇಕಡ ಮಂದಿಗೆ ಮಾತ್ರ ಕಾಯಂ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಪಡೆದು ಮನೆಗೆ. ಪಿಂಚಣಿ ಇಲ್ಲ. ಮೊದಲ ತಂಡ ತರಬೇತಿಗೆ ಸೇರಿದ್ದು 2022ರ ಕೊನೆಯ ಹೊತ್ತಿಗೆ, ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ.

ಇದರ ಬಗ್ಗೆ ನಾವು ಹೆಚ್ಚಾಗಿ ಉದ್ಯೋಗ, ಪಿಂಚಣಿ ಲೆಕ್ಕದಲ್ಲಿ ಚರ್ಚಿಸಿದ್ದೇವೆ. ಅದು ಬೇಕು. ಆದರೆ ಮೌಲ್ಯದ ಲೆಕ್ಕವೂ ಇದೆ. ಪಲ್ಟನ್ ಅಂದ್ರೆ ಒಂದು ಮನೆ. ಹಿರಿಯ ಹವಾಲ್ದಾರ ಕಿರಿಯನನ್ನು ವರ್ಷಗಟ್ಟಲೆ ಜೊತೆಗಿಟ್ಟುಕೊಂಡು ತಿದ್ದುತ್ತಾನೆ. ಯಾವಾಗ ಹೊಡೆಯಬೇಕು, ಯಾವಾಗ ಕಾಯಬೇಕು ಅನ್ನುವುದು ಹೀಗೆ ಮೈಗೂಡುವಂಥದ್ದು, ಪರೀಕ್ಷೆ ಬರೆಸಿ ಕಲಿಸುವಂಥದ್ದಲ್ಲ. ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಉಳಿಯುವ ಅವಕಾಶ ಅಂದಾಗ, ಪಕ್ಕದಲ್ಲಿ ಮಲಗುವ ಗೆಳೆಯನೇ ಪೈಪೋಟಿದಾರನಾಗುತ್ತಾನೆ. ಅಧಿಕಾರಿಗೆ ‘ಇದು ಸರಿಯಲ್ಲ ಸಾಬ್’ ಅನ್ನುವ ಧೈರ್ಯ, ತನ್ನ ಕಾಯಂ ಆಗುವುದು ಅದೇ ಅಧಿಕಾರಿಯ ಅಂಕದ ಮೇಲೆ ನಿಂತಿರುವ ಹುಡುಗನಿಗೆ ಎಲ್ಲಿಂದ ಬರಬೇಕು?

ಸೇನೆಯ ಸರಾಸರಿ ವಯಸ್ಸು 32ರಿಂದ 26ಕ್ಕೆ ಇಳಿಯುತ್ತದೆ, ಪಡೆ ಚುರುಕಾಗುತ್ತದೆ ಅನ್ನುವುದು ಸರ್ಕಾರದ ವಾದ. ಗುಡ್ಡಗಾಡಿನ ಯುದ್ಧಕ್ಕೆ ಎಳೆಯ ಮೈ ಬೇಕು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಇನ್ನೂ ಒಂದು ಮಾತು ಒಪ್ಪಬೇಕು: ಅಂಶಿಪೊರಾ, ಓಟಿಂಗ್ ಎರಡೂ ನಡೆದದ್ದು ಅಗ್ನಿಪಥ್ ಬರುವ ಮೊದಲು. ಹಾಗಾಗಿ ದೀರ್ಘ ಸೇವೆ ಒಂದಿದ್ದರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಆದರೆ ಇರುವ ಒಂದು ಆಸರೆಯನ್ನೂ ತೆಳುಮಾಡುವಾಗ, ಬದಲಿಗೆ ಏನು ಇಡುತ್ತಿದ್ದೇವೆ ಅನ್ನುವ ಪ್ರಶ್ನೆಗೆ ಉತ್ತರ ಬೇಕು.

ನಮ್ಮ ಕೈಯಲ್ಲಿರುವ ಫೋನ್

ಕೊನೆಗೆ ನಮ್ಮ ಬಗ್ಗೆ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾಯಿತು. ಸತ್ತವರಲ್ಲಿ ನೌಕಾಪಡೆಯ ಒಬ್ಬ ಯುವ ಅಧಿಕಾರಿಯೂ ಇದ್ದರು. ಮದುವೆಯಾಗಿ ವಾರವೂ ಆಗಿರಲಿಲ್ಲ. ಅವರ ಪತ್ನಿ ಕೆಲವೇ ದಿನಗಳಲ್ಲಿ, ನಮಗೆ ನ್ಯಾಯ ಬೇಕು, ಆದರೆ ಮುಸ್ಲಿಮರನ್ನು, ಕಾಶ್ಮೀರಿಗಳನ್ನು ಗುರಿ ಮಾಡಬೇಡಿ ಅಂತ ಕೈಮುಗಿದು ಕೇಳಿಕೊಂಡರು. ಅದುವರೆಗೆ ಆಕೆಯ ಫೋಟೊ ಹಂಚಿ ಕಣ್ಣೀರು ಹಾಕಿದವರೇ ಆಕೆಯನ್ನು ಟ್ರೋಲ್ ಮಾಡಿದರು. ಅಸಹ್ಯವಾಗಿ. ಕೊನೆಗೆ ರಾಷ್ಟ್ರೀಯ ಮಹಿಳಾ ಆಯೋಗ ಖಂಡಿಸಬೇಕಾಯಿತು.

ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಬಗ್ಗೆ ದೇಶಕ್ಕೆ ವಿವರ ಕೊಟ್ಟವರಲ್ಲಿ ಕರ್ನಲ್ ಸೋಫಿಯಾ ಖುರೇಷಿ ಒಬ್ಬರು. ಗೋಕಾಕ ತಾಲ್ಲೂಕಿನ ಸೊಸೆ ಅಂತ ನಮ್ಮ ಚಾನೆಲ್‌ಗಳು ಸಂಭ್ರಮಪಟ್ಟವು. ಅದೇ ವಾರ ಮಧ್ಯಪ್ರದೇಶದ ಸಚಿವರೊಬ್ಬರು ಅವರ ಧರ್ಮ ಎತ್ತಿ ಮಾತಾಡಿದರು. ಹೈಕೋರ್ಟ್ ತಾನಾಗಿಯೇ ಎಫ್‌ಐಆರ್‌ಗೆ ಆದೇಶ ಕೊಡಬೇಕಾಯಿತು.

ಇದರಿಂದ ತಿಳಿಯುವುದು ಏನು? ನಮ್ಮಲ್ಲಿ ಬಹಳಷ್ಟು ಜನ ಪ್ರೀತಿಸುವುದು ಸೈನಿಕರನ್ನಲ್ಲ, ಸೈನಿಕರ ಚಿತ್ರವನ್ನು. ಆ ಚಿತ್ರ ಮಾತಾಡಬಾರದು. ಮಾತಾಡಿದರೂ ನಮ್ಮ ಸಿಟ್ಟನ್ನೇ ಮಾತಾಡಬೇಕು. ನೋಟು ರದ್ದತಿಯ ಸಾಲಿನಲ್ಲಿ ನಿಂತು ಗೊಣಗಿದರೆ ‘ಗಡಿಯಲ್ಲಿ ಸೈನಿಕರು ನಿಂತಿಲ್ವಾ?’ ಅಂತ ಬಾಯಿ ಮುಚ್ಚಿಸಲು ಆ ಚಿತ್ರ ಬೇಕು. ಚುನಾವಣೆಯ ಪೋಸ್ಟರ್‌ಗೂ ಬೇಕು. ರಕ್ಷಣಾ ಸಿಬ್ಬಂದಿಯ ಫೋಟೊ ಪ್ರಚಾರಕ್ಕೆ ಬಳಸಬೇಡಿ ಅಂತ ಚುನಾವಣಾ ಆಯೋಗ 2013ರಲ್ಲಿ ಹೇಳಿತ್ತು, 2019ರ ಮಾರ್ಚ್‌ನಲ್ಲಿ ಮತ್ತೆ ನೆನಪಿಸಬೇಕಾಯಿತು.

ನಾವು ದಿನವೂ ‘ಹೊಡಿ, ಮುಗಿಸು’ ಅಂತ ಕೂಗುತ್ತಿದ್ದರೆ, ನಾಕಾದಲ್ಲಿ ಕಾಕಾನ ಪಕ್ಕ ನಿಂತಿದ್ದ ಆ ಹೊಸ ಹುಡುಗನ ಬಾಯಲ್ಲಿ ಬಂದದ್ದು ನಮ್ಮದೇ ದನಿ. ಅವನು ಸೇನೆಗೆ ಹೋಗುವ ಮೊದಲು ಹದಿನೆಂಟು ವರ್ಷ ನಮ್ಮ ನಡುವೆಯೇ ಬೆಳೆದವನು, ನಮ್ಮದೇ ರೀಲ್ಸ್ ನೋಡಿದವನು.

ಹಾಗಾಗಿ ನಮ್ಮ ಬೇಡಿಕೆಗಳು ಸ್ಪಷ್ಟ ಇರಲಿ. ನಾಗರಿಕರ ಸಾವಿನ ಪ್ರಕರಣದಲ್ಲಿ ಮೊಕದ್ದಮೆಗೆ ಅನುಮತಿ ನಿರಾಕರಿಸಿದರೆ ಸರ್ಕಾರ ಕಾರಣವನ್ನು ಬಹಿರಂಗವಾಗಿ ಹೇಳಬೇಕು. ಸಂಯಮ ತೋರಿ ಜೀವ ಉಳಿಸಿದ ಸೈನಿಕರ ಕತೆಗಳನ್ನು ಸೇನೆ ಜನರ ಮುಂದಿಡಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ಪೇಶಾವರದ ಆ ದಿನಕ್ಕೆ ಒಂದು ಪುಟ ಸಿಗಬೇಕು, ಗಾಂಧಿಯ ಆಕ್ಷೇಪದ ಸಮೇತ. ಮಕ್ಕಳು ವಾದ ಮಾಡಲಿ.

ಆವತ್ತು ಚಹಾ ಮುಗಿಯುವ ಹೊತ್ತಿಗೆ ಹುಡುಗರೂ ಬಂದು ಸುತ್ತ ಕೂತಿದ್ದರು. ನಾಕಾದ ಕತೆಯ ಕೊನೆ ಕೇಳಿಸಿಕೊಂಡ ಒಬ್ಬ ಕೇಳಿದ, “ಕಾಕಾ, ಒಳಗ ಟೆರರಿಸ್ಟ್ ಇದ್ದಿದ್ರ?”

ಕಾಕಾ ತಕ್ಷಣ ಉತ್ತರಿಸಲಿಲ್ಲ. ಲೋಟ ಕೆಳಗಿಟ್ಟರು. “ಇದ್ದಿದ್ರ ನಾ ಸಾಯ್ತಿದ್ದೆ. ಅದಕ್ಕ ನಂಗ ಪಗಾರ ಕೊಡ್ತಿದ್ರು. ಆ ಹೆಣ್ಣಮಗಳಿಗೆ ಯಾರೂ ಪಗಾರ ಕೊಡ್ತಿರಲಿಲ್ಲಲ್ಲೋ.”

ಹುಡುಗ ಸುಮ್ಮನಾದ. ಕಾಕಾ ಸ್ಟಾಪ್‌ವಾಚ್ ಕೈಗೆ ತಗೊಂಡು, ಇನ್ನೊಂದು ರೌಂಡ್ ಓಡ್ರಿ ಅಂತ ಎಲ್ಲರನ್ನೂ ಎಬ್ಬಿಸಿದರು.